ಕ್ಷೀರಾವತರಣ ಮೀಮಾಂಸೆ

ಪ್ರಸ್ತಾವನೆ

"ಹಸು ಸಾಧು ಪ್ರಾಣಿ. ಅದಕ್ಕೆ ನಾಲ್ಕು ಕಾಲುಗಳಿವೆ. ಅದು ನಮಗೆ ಹಾಲು ಕೊಡುತ್ತದೆ." ಶಾಲೆಯ ಪ್ರಬಂಧದ ಈ ಮೂರು ವಾಕ್ಯಗಳಲ್ಲಿ ಎರಡನೆಯದು ಮಾತ್ರ ವಿಚಾರಕ್ಕೆ ನಿಲ್ಲುತ್ತದೆ. ಮೊದಲನೆಯದರ ಖಂಡನೆಗೆ ಹಸುವಿನ ಹಿಂಗಾಲೇ ಸಾಕು. ಮೂರನೆಯದನ್ನು ಖಂಡಿಸಲು ಈ ಗ್ರಂಥ ಹುಟ್ಟಿದೆ. ಹಸು ಹಾಲು ಕೊಡುವುದಿಲ್ಲ, ಮಂಜೂರು ಮಾಡುತ್ತದೆ. ಇದೇ ನಮ್ಮ ಸಿದ್ಧಾಂತ. ತಂಬಿಗೆ ಹಿಡಿದು ಕೂತು ಒಮ್ಮೆಯಾದರೂ ಒದೆ ತಿಂದವರು ಇದರ ಅಧ್ಯಯನಕ್ಕೆ ಅಧಿಕಾರಿಗಳು. ಉಳಿದವರು ಕಾಫಿ ಕುಡಿಯುತ್ತ ಓದಿಕೊಳ್ಳಬಹುದು.

ಪೂರ್ವಪಕ್ಷ

ಈ ವಿಷಯದಲ್ಲಿ ಎರಡು ಮತಗಳು ಪ್ರಬಲವಾಗಿವೆ. ಕೆಚ್ಚಲೊಂದು ತೊಟ್ಟಿ, ಮೊಲೆಗಳು ಅದರ ನಲ್ಲಿಗಳು, ತಿರುಗಿಸಿದರೆ ಹಾಲು ಎಂಬುದು ತೊಟ್ಟಿವಾದ. ಬಾಯಿಗೆ ಹಿಂಡಿ ಹಾಕಿದಷ್ಟೂ ಹಿಂದಿನಿಂದ ಹಾಲು ಎಂಬುದು ಹಿಂಡಿವಾದ.

ಹಿಂಡಿವಾದಿಗಳಿಗೆ ಮೊದಲು ಉತ್ತರಿಸೋಣ. ಮೇವು ನೇರವಾಗಿ ಕೆಚ್ಚಲಿಗೆ ಹೋಗುವುದಿಲ್ಲ. ಅದು ಮೊದಲು ಸೇರುವುದು ಹೊಟ್ಟೆಯ ದೊಡ್ಡ ಕೋಣೆಯಾದ ರೂಮೆನ್‌ಗೆ. ಅಲ್ಲಿ ಕೋಟಿ ಕೋಟಿ ಸೂಕ್ಷ್ಮಜೀವಿಗಳು ಹುಲ್ಲನ್ನು ಹುಳಿಸಿ ಅಸಿಟಿಕ್ ಆಮ್ಲ ಮಾಡುತ್ತವೆ. ಗೋಬಿ ಮಂಚೂರಿಗೆ ಸುರಿಯುವ ವಿನೆಗರ್‌ನಲ್ಲಿರುವುದೂ ಅದೇ ಆಮ್ಲ. ಹಾಲಿನ ಜಿಡ್ಡಿನ ದೊಡ್ಡ ಪಾಲು ಹುಟ್ಟುವುದು ಇದರಿಂದಲೇ. ಆದ್ದರಿಂದ ಹುಲ್ಲು ಕಡಿಮೆ ಮಾಡಿ ಹಿಂಡಿ, ಬೂಸಾ ಸುರಿದವನಿಗೆ ಡೈರಿಯಲ್ಲಿ ಫ್ಯಾಟ್ ಇಳಿಯುತ್ತದೆ. ಹೋಳಿಗೆಯ ಮೇಲಿನ ತುಪ್ಪ ಮೂಲತಃ ಹುಳಿ ಎಂಬ ಈ ಸತ್ಯವನ್ನು ಊಟದ ಪಂಕ್ತಿಯಲ್ಲಿ ಹೇಳಬಾರದು.

ಉತ್ಪತ್ತಿ ಪ್ರಕರಣ

ಕೆಚ್ಚಲು ನಾಲ್ಕು ಭಾಗ. ಹೊರಗಿನಿಂದ ಒಂದೇ ಮನೆ, ಒಳಗೆ ನಾಲ್ವರು ಅಣ್ಣತಮ್ಮಂದಿರ ನಾಲ್ಕು ಒಲೆ. ಒಂದರ ಹಾಲು ಇನ್ನೊಂದಕ್ಕೆ ಹರಿಯುವುದಿಲ್ಲ. ಹಿಂದಿನ ಎರಡು ಭಾಗಗಳೇ ಹೆಚ್ಚು ದುಡಿಯುತ್ತವೆ, ಆದರೆ ಹೊಗಳಿಕೆ ನಾಲ್ಕಕ್ಕೂ ಸಮ.

ಒಳಗಿರುವ ಕಣ್ಣಿಗೆ ಕಾಣದಂಥ ಪುಟ್ಟ ಚೀಲಗಳಲ್ಲಿ ಹಾಲು ತಯಾರಾಗುತ್ತದೆ. ಒಂದು ಲೀಟರ್ ಹಾಲಾಗಬೇಕಾದರೆ ಕೆಚ್ಚಲಿನ ಮೂಲಕ ಸುಮಾರು 400ರಿಂದ 500 ಲೀಟರ್ ರಕ್ತ ಹರಿದುಹೋಗಬೇಕು. ಆ ರಕ್ತದ ಗ್ಲೂಕೋಸ್ ಹಿಡಿದು ಚೀಲದ ಕೋಶಗಳು ಲ್ಯಾಕ್ಟೋಸ್ ಎಂಬ ಸಕ್ಕರೆ ಮಾಡುತ್ತವೆ. ಸಕ್ಕರೆ ಇದ್ದಲ್ಲಿಗೆ ನೀರು ತಾನಾಗಿ ಬರುತ್ತದೆ. ಹಾಲಿನ ಪ್ರಮಾಣ ನಿರ್ಧಾರವಾಗುವುದೇ ಹೀಗೆ. ನೂರು ಭಾಗ ಹಾಲಿನಲ್ಲಿ ಸುಮಾರು 87 ಭಾಗ ನೀರು. ಅಂದರೆ ಹಾಲಿಗೆ ನೀರು ಬೆರೆಸುವ ಸಂಪ್ರದಾಯದ ಮೂಲಪ್ರವರ್ತಕಿ ಹಸುವೇ. ಹಾಲಿನವನು ಆ ಪರಂಪರೆಯ ವಿನಮ್ರ ಶಿಷ್ಯ. ಗುರು ಬೆರೆಸಿದ್ದನ್ನು ಸೃಷ್ಟಿಯೆಂದೂ ಶಿಷ್ಯ ಬೆರೆಸಿದ್ದನ್ನು ಕಲಬೆರಕೆಯೆಂದೂ ತೀರ್ಪು ಕೊಡುವುದು ಲ್ಯಾಕ್ಟೋಮೀಟರ್‌ನ ಪಕ್ಷಪಾತ.

ಅವತರಣ ಪ್ರಕರಣ

ಈಗ ತೊಟ್ಟಿವಾದದ ಸರದಿ. ಕೆಚ್ಚಲಲ್ಲಿ ತೊಟ್ಟಿಯಿರುವುದು ನಿಜ. ಆದರೆ ಅದರಲ್ಲಿ ಸಿದ್ಧವಾಗಿರುವುದು ಒಟ್ಟು ಹಾಲಿನ ಐದನೇ ಒಂದು ಪಾಲು ಮಾತ್ರ. ಉಳಿದದ್ದು ಪುಟ್ಟ ಚೀಲಗಳಲ್ಲೇ ಕೂತಿರುತ್ತದೆ. ಅದನ್ನು ಕೈಬಲದಿಂದ ಇಳಿಸಲಾಗದು, ಯಂತ್ರ ಕಟ್ಟಿ ಎಳೆದರೂ ಬಾರದು.

ಕರು ಗುದ್ದಿದಾಗ ಅಥವಾ ಕೆಚ್ಚಲು ತೊಳೆದು ಮೊಲೆ ನೀವಿದಾಗ ಸುದ್ದಿ ನರದ ಮೂಲಕ ಮಿದುಳಿಗೆ ಹೋಗುತ್ತದೆ. ಅಲ್ಲಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತದಲ್ಲಿ ಹೊರಟು ಕೆಚ್ಚಲು ಸೇರಿ ಚೀಲಗಳನ್ನು ಒಳಗಿನಿಂದಲೇ ಹಿಂಡುತ್ತದೆ. ಅರ್ಜಿ ಹೋಗಿ ಮಂಜೂರಾತಿ ಬರಲು ಸುಮಾರು ಒಂದು ನಿಮಿಷ. ಅದು ಊರ್ಜಿತವಾಗಿರುವುದು ಕೆಲವೇ ನಿಮಿಷ. ಯಾವ ಕಚೇರಿಯಲ್ಲೂ ಇಷ್ಟು ಬೇಗ ಕೆಲಸವಾದ ದಾಖಲೆಯಿಲ್ಲ. ಈ ಹಾರ್ಮೋನನ್ನು 1953ರಲ್ಲಿ ಪ್ರಯೋಗಾಲಯದಲ್ಲಿ ಕೃತಕವಾಗಿ ತಯಾರಿಸಿದ ವಿನ್ಸೆಂಟ್ ಡು ವಿನ್ಯೊಗೆ 1955ರಲ್ಲಿ ನೊಬೆಲ್ ಬಂತು. ಅದನ್ನು ಹುಟ್ಟಿದಾಗಿನಿಂದ ತಯಾರಿಸುತ್ತಿರುವ ಹಸುವಿಗೆ ಬಂದದ್ದು ಕಲಗಚ್ಚು.

ಮಾರ್ಜಾಲ ಪ್ರಮಾಣ

ಮಂಜೂರಾತಿ ರದ್ದಾಗುವುದೂ ಉಂಟೆ? ಉಂಟು. 1941ರಲ್ಲಿ ಅಮೆರಿಕದ ಈಲಿ ಮತ್ತು ಪೀಟರ್ಸನ್ ಎಂಬ ವಿದ್ವಾಂಸರು ಹಸುವಿನ ಬೆನ್ನ ಮೇಲೆ ಬೆಕ್ಕನ್ನು ಕೂರಿಸಿ, ಪಕ್ಕದಲ್ಲಿ ಕಾಗದದ ಚೀಲಗಳನ್ನು ಊದಿ ಪಟಾರನೆ ಒಡೆದರು. ಹಸು ಹಾಲು ಇಳಿಸಲಿಲ್ಲ. ಬೆದರಿದಾಗ ಹೊರಡುವ ಅಡ್ರಿನಲಿನ್ ಆಕ್ಸಿಟೋಸಿನ್‌ನ ಕೆಲಸವನ್ನು ತಡೆಯುತ್ತದೆ ಎಂದು ಅವರು ವಿವರಿಸಿದರು. "ಕೊಟ್ಟಿಗೇಲಿ ಕಿರುಚಬೇಡ್ರೋ, ಹಸ ಹಾಲು ಮೇಲಕ್ಕೆ ಎಳ್ಕೊಳ್ಳತ್ತೆ" ಎಂದು ನಮ್ಮ ಅಜ್ಜಿಯರು ಹೇಳುತ್ತಲೇ ಇದ್ದರು. ಅವರ ಬಳಿ ಬೆಕ್ಕಿತ್ತು, ಕಾಗದದ ಚೀಲವಿರಲಿಲ್ಲ. ಹಾಗಾಗಿ ಅವರ ಮತ ಪ್ರಕಟವಾಗಲಿಲ್ಲ.

ಸೂಜಿಯಿಂದ ಮಂಜೂರಾತಿ ಪಡೆಯುವ ನಾಸ್ತಿಕರೂ ಇದ್ದಾರೆ. ಹಾಲು ಹೆಚ್ಚಿಸಲು ಹಸುವಿನ ಆರೋಗ್ಯ ಕೆಡಿಸುವ ಚುಚ್ಚುಮದ್ದು ಕೊಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಆ ಮತವನ್ನು ಖಂಡಿಸುವ ಕೆಲಸ ಪೊಲೀಸರದು, ಮೀಮಾಂಸಕರದಲ್ಲ.

ಫಲಶ್ರುತಿ

ಈ ಗ್ರಂಥವನ್ನು ಪ್ರಾತಃಕಾಲ ಶ್ರದ್ಧೆಯಿಂದ ಪಠಿಸಿ, ಕೆಚ್ಚಲು ತೊಳೆದು, ಒಂದು ನಿಮಿಷ ಬಾಯಿ ಮುಚ್ಚಿ ಕಾಯುವವನಿಗೆ ಕಡೆಯ ಹಾಲು ದಕ್ಕುತ್ತದೆ. ಮೊದಲ ಧಾರೆಗಿಂತ ಕಡೆಯ ಧಾರೆಯಲ್ಲಿ ಜಿಡ್ಡು ಹಲವು ಪಟ್ಟು ಹೆಚ್ಚು. ಅವಸರದಲ್ಲಿ ಅರ್ಧಕ್ಕೇ ಎದ್ದವನು ತೆಳ್ಳನೆಯ ಪಾಲನ್ನು ಡೈರಿಗೆ ಒಯ್ದು, ಗಟ್ಟಿ ಪಾಲನ್ನು ಕರುವಿಗೆ ಬಿಡುತ್ತಾನೆ. ಅದರಿಂದ ಅವನಿಗೆ ಪುಣ್ಯ, ಕರುವಿಗೆ ಪುಷ್ಟಿ, ಹಾಲಿನ ಸಂಘದ ಕಾರ್ಯದರ್ಶಿಗೆ ಬೈಗುಳ.