ನಾಲ್ಕು ಪೇಪರ್ ಪಾಸಾದವನು

ಮಲ್ಲೇಶ್ವರದ ನಮ್ಮ ಪಕ್ಕದ ಮನೆ ಹುಡುಗ ಆಕ್ಚುಯರಿ ಆಗುತ್ತಿದ್ದಾನೆ. ‘ಆಗಿದ್ದಾನೆ’ ಎಂದು ಅವರಮ್ಮ ನೆಂಟರ ಮುಂದೆ ಹೇಳಿ ನೋಡಿದರು, ಅವನೇ ತಿದ್ದಿದ. ಜನ ಎಷ್ಟು ವರ್ಷ ಬದುಕಬಹುದು, ಅದಕ್ಕೆ ಪ್ರೀಮಿಯಂ ಎಷ್ಟಿಡಬೇಕು, ಕ್ಲೇಮಿಗೆಂದು ಎಷ್ಟು ದುಡ್ಡು ಎತ್ತಿಡಬೇಕು ಎಂದು ವಿಮಾ ಕಂಪನಿಗೆ ಲೆಕ್ಕ ಹಾಕಿಕೊಡುವ ಉದ್ಯೋಗವದು. 1693ರಲ್ಲೇ ಎಡ್ಮಂಡ್ ಹ್ಯಾಲಿ (ಹೌದು, ಧೂಮಕೇತುವಿನ ಹ್ಯಾಲಿಯೇ) ಬ್ರೆಸ್ಲೌ ಊರಿನ ಹುಟ್ಟುಸಾವುಗಳನ್ನು ಹಿಡಿದು ಇಂಥ ಲೆಕ್ಕದ ಕೋಷ್ಟಕ ಮಾಡಿದ್ದ. ಹ್ಯಾಲಿಯನ್ನು ಯಾರೂ ರೆಸ್ಯೂಮೆ ಕೇಳಲಿಲ್ಲ ಎನ್ನುವುದು ನಮ್ಮವನ ಹೊಟ್ಟೆಕಿಚ್ಚು.

ಕೆಲಸ ಹುಡುಕಲು ಅವನು ಒಂದು ಎಕ್ಸೆಲ್ ಫೈಲು ಮಾಡಿದ್ದಾನೆ. ಮುಂಬಯಿ, ಗುರುಗ್ರಾಮ, ಬೆಂಗಳೂರಿಗೆ ಒಂದೊಂದು ಹಾಳೆ. ಪ್ರೈಸಿಂಗ್, ವ್ಯಾಲ್ಯುಯೇಷನ್, ರಿಸರ್ವಿಂಗ್‌ಗೆ ಒಂದೊಂದು ಬಣ್ಣ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿಗೂ ಅಂಕ ಕಳೆದಿದ್ದಾನೆ. ‘ಅರ್ಜಿ ಕಳಿಸಿದ್ದು’ ಎಂಬ ಕಾಲಂ ಮಾತ್ರ ಖಾಲಿ.

“ಎರಡೇ ಪೇಪರಾದ್ರೆ ಯಾರೂ ಕರೆಯಲ್ಲ ಅಂಕಲ್. ಅನುಭವ ಇಲ್ಲದೆ ಏಳೆಂಟು ಮುಗಿಸಿದ್ರೆ, ಸಂಬಳ ಜಾಸ್ತಿ ಕೇಳ್ತಾನೆ, ಕೆಲಸ ಮಾತ್ರ ಹೊಸಬನದು ಅಂತ ಹಿಂದೇಟು ಹಾಕ್ತಾರೆ.” ಮಾತೇನೂ ಸುಳ್ಳಲ್ಲ. ಫೆಲೋ, ಅಂದರೆ ಪೂರ್ತಿ ಆಕ್ಚುಯರಿ, ಆಗಲು ಒಂದು ಡಜನ್‌ನಷ್ಟು ಪೇಪರಿದೆ, ವರ್ಷಗಟ್ಟಲೆ ಹಿಡಿಯುತ್ತದೆ. ಹೆಚ್ಚಿನವರು ಎಲ್ಲೋ ಕೆಲಸಕ್ಕೆ ಸೇರಿಕೊಂಡೇ ಉಳಿದದ್ದನ್ನು ಬರೆಯುತ್ತಾರೆ. ಇವನು ನಾಲ್ಕು ಮುಗಿಸಿ, ನಾಲ್ಕೇ ಸರಿಯೋ ಐದೋ ಎಂದು ಲೆಕ್ಕ ಹಾಕುತ್ತ ಕೂತ. ಲೆಕ್ಕ ಮುಗಿಯುವಷ್ಟರಲ್ಲಿ ಮುಂದಿನ ಪರೀಕ್ಷೆಯ ಫೀಸು ಕಟ್ಟುವ ದಿನ ಬಂತು. ಕಟ್ಟಿದ್ದು ಅಪ್ಪ.

ಸೋದರಮಾವ ಎಲ್‌ಐಸಿ ಏಜೆಂಟರು. “ಬಯೋಡೇಟಾ ಕೊಡೋ, ನಮ್ಮ ಬ್ರಾಂಚಲ್ಲಿ ಮಾತಾಡ್ತೀನಿ,” ಎಂದರು.

“ಮಾವ, ಆಕ್ಚುಯರಿಗಳು ಕೂರೋದು ಮುಂಬಯಿ ಆಫೀಸಲ್ಲಿ. ಇನ್ನೂ ನನ್ನ ಮಾಡೆಲ್ ಸ್ಥಿರ ಆಗಿಲ್ಲ.”

“ಇಪ್ಪತ್ತನಾಲ್ಕು ವರ್ಷದಿಂದ ಭಾವ ಪ್ರೀಮಿಯಂ ಕಟ್ತಾನೇ ಇದ್ದಾರೆ. ಈ ಪಾಲಿಸಿ ಮೆಚ್ಯೂರ್ ಆಗೋದು ಯಾವಾಗ?”

ಮೊನ್ನೆ ಮದುವೆ ಊಟದ ಪಂಕ್ತಿಯಲ್ಲಿ ಅವನ ಪಕ್ಕ ಕೂತವರು ವಿಮೆ ಲೆಕ್ಕದ ಕಂಪನಿಯೊಂದರಲ್ಲಿ ಮ್ಯಾನೇಜರಂತೆ. ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಎಷ್ಟು ಪೇಪರಾಗಿದೆ, ಎಕ್ಸೆಲ್ ಬರುತ್ತಾ ಎಂದೆಲ್ಲ ವಿಚಾರಿಸಿ, “ಯಾವಾಗ ಬರ್ತೀರಿ?” ಎಂದರು.

“ಸರ್, ರಿಸಲ್ಟ್ ಬಂದ್ರೆ ಒಂದು ಸಿನಾರಿಯೋ, ಬರದಿದ್ರೆ—”

“ಸೋಮವಾರ ಬರ್ತಾನೆ ಸಾರ್,” ಎಂದರು ಎದುರು ಪಂಕ್ತಿಯಿಂದ ಅಮ್ಮ. “ಎಷ್ಟು ಗಂಟೆಗೆ ಹೇಳಿ.”