ಪುಕ್ಕಟೆ ಕಛೇರಿಯ ತಕರಾರು

ಒಂದೇ ಸದ್ದಿಗೆ ಎರಡು ಬೆಲೆ ಕಟ್ಟುವ ಪ್ರಾಣಿ ಮನುಷ್ಯನೊಬ್ಬನೇ ಇರಬೇಕು. ಸಕಲೇಶಪುರದ ಆಚೆ ಕಾಫಿ ತೋಟದ ನಡುವಿನ ಹೋಂಸ್ಟೇಯಲ್ಲಿ ಜೀರುಂಡೆಯ ಕಿರ್‌ಕಿರ್ ಕೇಳಲು ಬೆಂಗಳೂರಿನ ಸಂಸಾರಗಳು ಮುಂಗಡ ಕಟ್ಟಿ ಕೋಣೆ ಕಾದಿರಿಸುತ್ತವೆ. ಊಟವಾದ ಮೇಲೆ ಜಗಲಿಯಲ್ಲಿ ಕೂತ ಯಜಮಾನರು ಕಣ್ಣು ಮುಚ್ಚಿ ‘ಆಹಾ, ಎಂಥಾ ನಿಶ್ಶಬ್ದ!’ ಎನ್ನುತ್ತಾರೆ. ಸುತ್ತ ನೂರಾರು ಜೀರುಂಡೆಗಳು ರೆಕ್ಕೆ ಹರಿಯುವಂತೆ ಉಜ್ಜುತ್ತಿರುವಾಗ ಅದಕ್ಕೆ ನಿಶ್ಶಬ್ದವೆಂದು ಹೆಸರಿಡಲು ದೊಡ್ಡ ಮನಸ್ಸು ಬೇಕು. ಆ ದೊಡ್ಡ ಮನಸ್ಸಿನವರ ಸ್ವಂತ ಮನೆಯ ಬಚ್ಚಲಲ್ಲಿ ಒಂದೇ ಒಂದು ಜೀರುಂಡೆ ಶ್ರುತಿ ಹಿಡಿದರೆ ರಾತ್ರಿ ಒಂದು ಗಂಟೆಗೆ ಪೊರಕೆ ಆಯುಧವಾಗುತ್ತದೆ. ದನಿ ಅದೇ, ಕಿವಿ ಅದೇ, ಸಾಲದ್ದಕ್ಕೆ ಇಲ್ಲಿ ಬಾಡಿಗೆಯೂ ಇಲ್ಲ. ಮಲೆನಾಡಿನ ಮುಸ್ಸಂಜೆಯಲ್ಲಿ ಕಿವಿಗಡಚಿಕ್ಕುವುದು ಮರದ ಮೇಲಿನ ಬೇರೆಯೇ ಕುಲದ ಕೀಟ, ಬಚ್ಚಲಿನದಕ್ಕೂ ಅದಕ್ಕೂ ನೆಂಟಸ್ತಿಕೆ ತೀರಾ ದೂರದ್ದು ಎಂದು ತಿಳಿದವರು ಆಕ್ಷೇಪ ಎತ್ತಬಹುದು. ಒಪ್ಪಿದೆ. ಆದರೆ ದುಡ್ಡು ಕೊಟ್ಟು ಕೇಳುವವರು ಗೋತ್ರ ವಿಚಾರಿಸುವುದಿಲ್ಲ. ಕತ್ತಲಾದ ಮೇಲೆ ಹುಲ್ಲಿನ ಬುಡದಿಂದ ಹಾಡುವುದಂತೂ ಅಪ್ಪಟ ಜೀರುಂಡೆಯೇ. ಆದ್ದರಿಂದ ತಕರಾರಿನ ಮೂಲವನ್ನು ಸದ್ದಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ಮನೆಪತ್ರ, ಖಾತೆ, ಕಂದಾಯದ ರಸೀದಿ ಎಲ್ಲವೂ ನಮ್ಮ ಹೆಸರಿನಲ್ಲಿರುವ ಜಾಗದೊಳಗೆ ನಮ್ಮ ಹುಕುಂ ನಡೆಯದ ಇಂಚುದ್ದದ ಜೀವವೊಂದಿದೆ. ನಮ್ಮ ನಿದ್ದೆ ಕೆಡಿಸುವುದು ಆ ಅವಮಾನ. ಇದನ್ನು ಸಾಕ್ಷಿಸಮೇತ ಸಾಧಿಸುವುದು ಈ ಬರಹದ ಘನ ಉದ್ದೇಶ.

ಮೊದಲ ಸಾಕ್ಷಿ ಇಂಗ್ಲೆಂಡಿನವರು, ಅದೂ ಪಾದ್ರಿ. ಗಿಲ್ಬರ್ಟ್ ವೈಟ್ ತಮ್ಮ ಸೆಲ್ಬೋರ್ನ್ ಹಳ್ಳಿಯ ಗಿಡ, ಹಕ್ಕಿ, ಹುಳುಗಳನ್ನು ವರ್ಷಾನುಗಟ್ಟಲೆ ನೋಡಿ 1789ರಲ್ಲಿ ಪುಸ್ತಕ ಮಾಡಿದವರು. ಬಯಲಿನ ಜೀರುಂಡೆಯ ಹಾಡಿಗೆ ಮಾರುಹೋಗಿ, ತಮ್ಮ ತೋಟದ ಹುಲ್ಲಿನ ಇಳಿಜಾರಿನಲ್ಲಿ ಆಳವಾಗಿ ಬಿಲ ಕೊರೆಸಿ, ಅವುಗಳ ಒಂದು ಪರಿವಾರವನ್ನೇ ತಂದು ನೆಲೆಗೊಳಿಸಲು ನೋಡಿದರು. ಹೊಸ ಬಡಾವಣೆ ಹಿಡಿಸದ ಅವು ಕೆಲಕಾಲ ಹಾಡಿ ಜಾಗ ಖಾಲಿ ಮಾಡಿದವು. ಅದೇ ಪುಸ್ತಕದಲ್ಲಿ, ಅಡುಗೆಮನೆಯ ಬಿಸುಪಿಗೆ ಕರೆಯದೇ ಬಂದು ಸಂಸಾರ ಹೂಡುವ ಮನೆಜೀರುಂಡೆಗಳಿಗೆ ಅದೇ ಮಹನೀಯರು ಸೂಚಿಸುವ ಉಪಾಯ ಯಾವುದು? ಅವು ಅಡಗಿರುವ ಬಿರುಕುಗಳೊಳಗೆ ಕೋವಿಮದ್ದು ಸಿಡಿಸುವುದು! ಕರೆತಂದವಕ್ಕೆ ನಿವೇಶನ, ತಾವಾಗಿ ಬಂದವಕ್ಕೆ ಸಿಡಿಮದ್ದು. ಚೀನಾದ ಸಾಕ್ಷ್ಯವೂ ಇದಕ್ಕೆ ಹೊಂದುತ್ತದೆ. ಟಾಂಗ್ ಅರಸರ ಕಾಲದ ಅಂತಃಪುರದ ಹೆಂಗಸರು ಜೀರುಂಡೆಯನ್ನು ಚಿನ್ನದ ಪುಟ್ಟ ಪಂಜರದಲ್ಲಿಟ್ಟು, ಪಂಜರವನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ರಾತ್ರಿಯೆಲ್ಲ ಕೇಳುತ್ತಿದ್ದರಂತೆ. 13ನೇ ಶತಮಾನದ ಮಂತ್ರಿ ಜಿಯಾ ಸಿದಾವೊ, ಮಂಗೋಲರು ರಾಜ್ಯದ ಮೇಲೆ ಏರಿ ಬರುತ್ತಿದ್ದರೂ ಜೀರುಂಡೆ ಕಾಳಗದಲ್ಲಿ ಮುಳುಗಿದ್ದನೆಂಬ ಅಪಖ್ಯಾತಿ ಹೊತ್ತವನು. ಪಂಜರದ ಬಾಗಿಲು ನಮ್ಮ ಕೈಯಲ್ಲಿದ್ದರೆ ಅದು ಸಂಗೀತ, ಇಲ್ಲವಾದರೆ ಗಲಾಟೆ. ಅಮೆರಿಕದ ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಪ್ರಯೋಗಶಾಲೆಯಲ್ಲೇ ನೋಡಿ 1972ರಲ್ಲಿ ಪುಸ್ತಕ ಬರೆದರು. ಹೊತ್ತುಗೊತ್ತಿಲ್ಲದೆ ಬಡಿಯುವ ಜೋರು ಸದ್ದಿನ ನಡುವೆ ಜನರನ್ನು ಕೂರಿಸಿ, ಕೆಲವರ ಮುಂದೆ ಮಾತ್ರ ಒಂದು ಗುಂಡಿ ಇಟ್ಟು, ತಡೆಯಲಾಗದಿದ್ದರೆ ಒತ್ತಿ, ಸದ್ದು ನಿಲ್ಲುತ್ತದೆ, ಒತ್ತದಿದ್ದರೆ ನಮಗೆ ಇನ್ನೂ ಒಳ್ಳೆಯದು ಎಂದರು. ಗುಂಡಿ ಸಿಕ್ಕವರಲ್ಲಿ ಹೆಚ್ಚಿನವರು ಅದನ್ನು ಒತ್ತಲೇ ಇಲ್ಲ. ಆದರೂ ಸದ್ದು ಮುಗಿದ ಮೇಲೆ ಕೊಟ್ಟ ಕೆಲಸಗಳಲ್ಲಿ ಅವರು ಗುಂಡಿಯಿಲ್ಲದವರಿಗಿಂತ ತಾಳ್ಮೆಯಿಂದ ದುಡಿದರು, ತಪ್ಪುಗಳನ್ನು ಚೆನ್ನಾಗಿ ಹಿಡಿದರು. ನಮ್ಮ ಮನೆಗಳಲ್ಲಿ ರಾತ್ರಿಯಿಡೀ ಲೊಟಕ್ ಲೊಟಕ್ ಎನ್ನುವ ಫ್ಯಾನು, ಗುರ್ ಎನ್ನುವ ಫ್ರಿಜ್ಜು ಯಾರನ್ನೂ ಎಬ್ಬಿಸದಿರುವ ಗುಟ್ಟು ಇದೇ. ಅವಕ್ಕೆ ಸ್ವಿಚ್ ಇದೆ.

ಜೀರುಂಡೆಗೆ ಸ್ವಿಚ್ ಇಲ್ಲ. ಅಷ್ಟೇ ಅಲ್ಲ, ವಿಳಾಸವೂ ಇಲ್ಲ. ಈ ಭಾಗವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು; ಏಕೆಂದರೆ ಮನುಷ್ಯಕುಲದ ಘನತೆ ಇಷ್ಟು ಕಡಿಮೆ ಖರ್ಚಿನಲ್ಲಿ ಮಣ್ಣುಪಾಲಾಗುವ ಸಂದರ್ಭ ಇನ್ನೊಂದಿಲ್ಲ. ಮನೆಯ ಹಿರಿಯ ಗಂಡಸು ಬನಿಯನ್ ಮೇಲೆ ಹಾಸಿಗೆಯಿಂದಿಳಿದು ಮೊಬೈಲಿನ ಟಾರ್ಚು ಹೊತ್ತಿಸುತ್ತಾನೆ. ಸದ್ದು ಬಚ್ಚಲಿನಿಂದ ಎಂಬುದರಲ್ಲಿ ಅವನಿಗೆ ಅನುಮಾನವಿಲ್ಲ. ಬಚ್ಚಲಿಗೆ ಹೋದರೆ ಸದ್ದು ಅಡುಗೆಮನೆಯಲ್ಲಿದೆ. ಅಡುಗೆಮನೆಗೆ ಬಂದರೆ ಎಲ್ಲೂ ಇಲ್ಲ. ಜೀರುಂಡೆಯ ಹಿಂತುದಿಯಲ್ಲಿ ಎರಡು ಕಡ್ಡಿಗಳಿವೆ; ಅವುಗಳ ಮೇಲಿನ ನವಿರು ಕೂದಲು ಗಾಳಿಯ ಅತಿ ಸಣ್ಣ ಅಲುಗಾಟವನ್ನೂ ಗ್ರಹಿಸುತ್ತದೆ; ನೆಲದ ಕಂಪನವನ್ನು ಕಾಲುಗಳು ಹಿಡಿಯುತ್ತವೆ. ಎಪ್ಪತ್ತೆಂಬತ್ತು ಕೆಜಿಯ ಯಜಮಾನರು ತುದಿಗಾಲಲ್ಲಿ ನಡೆದರೂ ಅದರ ಪಾಲಿಗೆ ಮೆರವಣಿಗೆಯೇ. ಅವರು ಉಸಿರು ಹಿಡಿದು ನಿಲ್ಲುತ್ತಾರೆ. ಅದೂ ನಿಲ್ಲುತ್ತದೆ. ಯಾರು ಮೊದಲು ಸೋಲುತ್ತಾರೆಂಬುದು ಪ್ರಶ್ನೆಯೇ ಅಲ್ಲ. ಬೆಳಿಗ್ಗೆ ಆಫೀಸಿಗೆ ಹೋಗಬೇಕಾದವರು ಇಬ್ಬರಲ್ಲಿ ಒಬ್ಬರು ಮಾತ್ರ. ಅವರು ಹಾಸಿಗೆಗೆ ಮರಳಿ ಹೊದಿಕೆ ಎಳೆದುಕೊಂಡ ಕೂಡಲೇ ಕಿರ್. ಈಗ ಮಡದಿ ಎದ್ದು, ‘ಫ್ರಿಜ್ಜಿನ ಹಿಂದೆ ಕಣ್ರೀ’ ಎನ್ನುತ್ತಾರೆ. ಫ್ರಿಜ್ಜು ಸರಿಯುತ್ತದೆ. ‘ಸಿಲಿಂಡರ್ ಕೆಳಗೆ’ ಎಂದು ಮಗ. ಸಿಲಿಂಡರ್ ಉರುಳುತ್ತದೆ. ಅಕ್ಕಿ ಡಬ್ಬ, ಗೋಣಿಚೀಲ, ಹಳೇ ಪೇಪರಿನ ಕಟ್ಟು ಒಂದೊಂದಾಗಿ ಹಜಾರಕ್ಕೆ ಬರುತ್ತವೆ. ಕಳೆದುಹೋಗಿದ್ದ ಕುಕ್ಕರಿನ ವೆಯ್ಟ್ ಸಿಗುತ್ತದೆ, ಅದನ್ನು ಕೆಲಸದವಳೇ ಕದ್ದಳೆಂದು ಹಿಂದೊಮ್ಮೆ ಆಡಿದ ಮಾತು ಎಲ್ಲರ ಮನಸ್ಸಿನಲ್ಲಿ ಹಾದುಹೋಗುತ್ತದೆ, ಯಾರೂ ಬಾಯಿ ಬಿಡುವುದಿಲ್ಲ. ಅಷ್ಟರಲ್ಲಿ ಎಚ್ಚರಾದ ಅಜ್ಜ, ‘ಏನ್ ಹುಡುಕ್ತಿದೀರೋ?’ ಎನ್ನುತ್ತಾರೆ. ಜೀರುಂಡೆ ಎಂದರೆ, ‘ಎಲ್ಲಿದೆ? ನನಗೇನೂ ಕೇಳ್ತಿಲ್ವಲ್ಲ’ ಎಂದು ಮಗ್ಗುಲಾಗುತ್ತಾರೆ. ಮನೆಜೀರುಂಡೆಯ ದನಿ ಸುಮಾರು 4000ದಿಂದ 5000 ಹರ್ಟ್ಸ್ ಆಸುಪಾಸಿನದು. ವಯಸ್ಸಾದ ಕಿವಿ ಮೊದಲು ಬಿಟ್ಟುಕೊಡುವುದು ಇಂಥ ಎತ್ತರದ ಸ್ವರಗಳನ್ನೇ. ಉಳಿದವರ ಕಿವಿಯೂ ಮೋಸಹೋಗುತ್ತದೆ. ಆ ಸ್ವರದ ಅಲೆಯ ಉದ್ದ ಸುಮಾರು 7.5 ಸೆಂಟಿಮೀಟರ್, ನಮ್ಮ ಎರಡು ಕಿವಿಗಳ ನಡುವಿನ ಅಂತರ ಅದಕ್ಕಿಂತ ಹೆಚ್ಚು. ಆದ್ದರಿಂದ ಯಾವ ಅಲೆ ಯಾವ ಕಿವಿಗೆ ಮೊದಲು ಬಂತೆಂಬ ಲೆಕ್ಕ ತಪ್ಪುತ್ತದೆ, ಟೈಲ್ಸಿನ ಗೋಡೆಗಳು ಅದನ್ನು ಎಂಟೂ ದಿಕ್ಕಿಗೆ ತಿರುಗಿಸಿ ಕಳಿಸುತ್ತವೆ. ಅಂದರೆ ಮೂವರು ಮೂರು ಕಡೆ ಬೆರಳು ತೋರಿಸುವುದರಲ್ಲಿ ಯಾರ ತಪ್ಪೂ ಇಲ್ಲ, ಅದು ಭೌತಶಾಸ್ತ್ರ. ರಾತ್ರಿ ಎರಡು ಗಂಟೆಗೆ ಇದನ್ನು ಮನೆಯವರಿಗೆ ವಿವರಿಸಲು ಹೋಗಬಾರದು.

ನಮ್ಮನ್ನು ಕೆಣಕಲೆಂದೇ ಅದು ಹಾಡುತ್ತದೆ, ಇಲ್ಲದಿದ್ದರೆ ಮಲಗಿದೊಡನೆ ಏಕೆ ಶುರುಮಾಡಬೇಕು ಎಂಬುದು ಸಾಮಾನ್ಯ ಆಪಾದನೆ. ನಾವು ಅದರ ಶ್ರೋತೃಗಳೇ ಅಲ್ಲ ಎಂಬುದು ಇದಕ್ಕೆ ಉತ್ತರ, ಈ ಉತ್ತರ ಇನ್ನಷ್ಟು ಕೆಣಕುತ್ತದೆ. ಹಾಡುವುದು ಗಂಡು ಮಾತ್ರ. ಒಂದು ಮುಂರೆಕ್ಕೆಯ ಹಲ್ಲುಸಾಲಿನ ಮೇಲೆ ಇನ್ನೊಂದು ರೆಕ್ಕೆಯ ಅಂಚನ್ನು ಉಜ್ಜಿ ಅದು ಹೆಣ್ಣನ್ನು ಕರೆಯುತ್ತದೆ. ಹೆಣ್ಣಿಗೆ ಕಿವಿ ಇರುವುದು ಮುಂಗಾಲಿನಲ್ಲಿ, ಮೊಣಕಾಲಿನ ಕೆಳಗೆ. ಎರಡೂ ಕಿವಿಗಳನ್ನು ದೇಹದೊಳಗಿನ ಗಾಳಿಕೊಳವೆ ಜೋಡಿಸುವುದರಿಂದ ಸದ್ದಿನ ದಿಕ್ಕು ಅದಕ್ಕೆ ತಟ್ಟನೆ ತಿಳಿಯುತ್ತದೆ. ಇಡೀ ಸಂಸಾರ ಟಾರ್ಚು ಹಿಡಿದು ಪತ್ತೆಹಚ್ಚಲಾಗದ ವಿಳಾಸಕ್ಕೆ ಅದು ಕತ್ತಲಲ್ಲಿ ನಡೆದುಕೊಂಡೇ ಹೋಗಿ ತಲುಪುತ್ತದೆ. ಇಷ್ಟು ಗದ್ದಲದಲ್ಲಿ ಹಾಡುಗಾರನ ಕಿವಿ ಏಕೆ ಕೆಡುವುದಿಲ್ಲ? ಕೇಂಬ್ರಿಜ್‌ನ ವಿಜ್ಞಾನಿಗಳು 2006ರಲ್ಲಿ ತೋರಿಸಿಕೊಟ್ಟಂತೆ, ಜೀರುಂಡೆ ರೆಕ್ಕೆ ಉಜ್ಜುವ ಪ್ರತಿ ಸಲವೂ ಅದರ ನರವ್ಯೂಹದಿಂದ ಹೊರಡುವ ಸಂಕೇತವೊಂದು ಅದೇ ಕ್ಷಣಕ್ಕೆ ಅದರ ಶ್ರವಣವನ್ನು ಅಡಗಿಸುತ್ತದೆ. ತನ್ನ ದನಿ ಇತರರಿಗೆ ಹೇಗೆ ಕೇಳುತ್ತದೆಂದು ತಿಳಿಯದ ಈ ವರ ನಮ್ಮ ಸಭೆಗಳ ಭಾಷಣಕಾರರಿಗೂ ದಕ್ಕಿರುವಂತಿದೆ. ಇನ್ನು ಬಚ್ಚಲನ್ನೇ ಏಕೆ ಆರಿಸಿಕೊಳ್ಳಬೇಕು ಎಂದರೆ, ತೇವ ಮತ್ತು ಮರೆ ಎರಡೂ ಅಲ್ಲಿವೆ. ಮೂಲೆಗೆ ಕೂತರೆ ದನಿ ದೊಡ್ಡದಾಗುವುದು ಗಾಯಕನಿಗೆ ಸಿಗುವ ಲಾಭ. ಜೀರುಂಡೆಗಳಲ್ಲಿ ಇದನ್ನು ಬೇಕೆಂದೇ ಮಾಡುವವೂ ಇವೆ. ಗಿಡಗಳ ಮೇಲೆ ಬದುಕುವ ಒಂದು ಬಗೆಯ ಗಂಡು ಎಲೆಯ ನಡುವೆ ತೂತು ಕೊರೆದು, ಅದರಲ್ಲಿ ತಲೆ ತೂರಿಸಿ ಹಾಡಿ, ಎಲೆಯನ್ನೇ ಧ್ವನಿವರ್ಧಕ ಮಾಡಿಕೊಳ್ಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಮತ್ತು ಸಂಗಡಿಗರು ಇದನ್ನು ಅಧ್ಯಯನ ಮಾಡಿ 2020ರಲ್ಲಿ ಪ್ರಕಟಿಸಿದ ವಿಷಯ ಇನ್ನೂ ಸೊಗಸು: ಮೈ ಸಣ್ಣದಿರುವ, ದನಿ ಕಮ್ಮಿಯಿರುವ ಗಂಡುಗಳೇ ಈ ಎಲೆಯ ಮೊರೆ ಹೋಗುವುದು ಹೆಚ್ಚು. ದನಿ ಕಮ್ಮಿಯಿದ್ದವರೇ ಮೈಕು ಬಿಡದಿರುವುದು ಬರೀ ಮನುಷ್ಯರ ರೋಗವಲ್ಲ ಎಂದಾಯಿತು.

ಕಾನೂನು ಬಲ್ಲವರು ಇಲ್ಲಿ ಎದ್ದು ನಿಲ್ಲಬಹುದು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗಿನ ಮಿತಿ 45 ಡೆಸಿಬೆಲ್. ಹತ್ತಿರದಿಂದ ಅಳೆದರೆ ಜೀರುಂಡೆ ಇದನ್ನು ಮೀರುವುದು ನಿಜ, ಹಾಡುವ ಹೊತ್ತೂ ಸರಿಯಾಗಿ ಅದೇ. ಆದರೆ ಈ ನಿಯಮವನ್ನು ಅತ್ಯಂತ ಭಕ್ತಿಯಿಂದ ನೆನೆಯುವವರು, ಎದುರುಬೀದಿಯ ಪೆಂಡಾಲಿನ ಧ್ವನಿವರ್ಧಕ ಹನ್ನೊಂದೂವರೆಗೆ ಕಿಟಕಿಯ ಗಾಜು ನಡುಗಿಸುವಾಗ ‘ಹೋಗ್ಲಿ ಬಿಡಿ, ವರ್ಷಕ್ಕೊಂದ್ಸಲ’ ಎನ್ನುವವರೇ. ಪೆಂಡಾಲಿನವರಿಗೆ ತೋಳ್ಬಲವಿದೆ, ಜೀರುಂಡೆಗಿಲ್ಲ. ಕಾನೂನು ನೆನಪಾಗುವುದು ಎದುರಿನವನ ಗಾತ್ರ ನೋಡಿದ ಮೇಲೆ. ಅತಿಯಾದ ಸದ್ದಿನಿಂದ ಹಾಳಾಗುವ ಕಿವಿ ಮೊದಲು ಸೋಲುವುದು 4000 ಹರ್ಟ್ಸ್ ಆಸುಪಾಸಿನಲ್ಲಿ ಎಂದು ಕಿವಿಯ ಡಾಕ್ಟರುಗಳೆಲ್ಲ ಬಲ್ಲರು. ಹಾರ್ನು, ಡಿಜೆ, ಕೊರೆಯುವ ಯಂತ್ರಗಳ ನಡುವೆ ಬದುಕುವ ನಗರದವರು ಕಳೆದುಕೊಳ್ಳುವುದು ಸರಿಸುಮಾರು ಜೀರುಂಡೆಯ ಸ್ವರವನ್ನೇ. ಅದು ಮನೆಯಲ್ಲಿ ಹಾಡುತ್ತಿಲ್ಲ ಎಂದು ಸಂಭ್ರಮಿಸುವ ಮೊದಲು ಮಕ್ಕಳನ್ನು ಕರೆದು ಕೇಳಿಸಿ ನೋಡುವುದು ವಾಸಿ.

ಬಟ್ಟೆ ತಿನ್ನುತ್ತದಲ್ಲ ಎಂಬ ಆಕ್ಷೇಪಕ್ಕೆ ಉತ್ತರ ಚಿಕ್ಕದು: ಅದು ಬಾಯಿ ಹಾಕುವುದು ಬೆವರು, ಸಾರಿನ ಕಲೆ ಹತ್ತಿದ ಉಣ್ಣೆ, ರೇಷ್ಮೆಗಳಿಗೆ ಹೆಚ್ಚು, ಮದುವೆಯಿಂದ ಬಂದ ಸೀರೆಯನ್ನು ಹಾಗೇ ಮಡಿಸಿಟ್ಟದ್ದು ಅದರ ಅಪರಾಧವಲ್ಲ. ಸ್ಪ್ರೇ ಹೊಡೆಯಬಾರದೇ? ಎಲ್ಲಿದೆಯೆಂದು ತಿಳಿಯದ ಶತ್ರುವಿಗೆ ವಿಷ ಹೊಡೆದರೆ, ಎಲ್ಲಿದ್ದೇವೆಂದು ಖಚಿತವಾಗಿ ಗೊತ್ತಿರುವ ನಾವು ಅದನ್ನು ಕುಡಿಯುತ್ತೇವೆ. ಎಸಿ ಹಾಕಿದರೆ? ಇದು ಶಾಸ್ತ್ರಸಮ್ಮತ. ಅಮೆರಿಕದ ಏಮಸ್ ಡಾಲ್ಬೇರ್ ಜೀರುಂಡೆಯ ಕೂಗೆಣಿಸಿ ಹವೆಯ ಉಷ್ಣಾಂಶ ಹೇಳುವ ಸೂತ್ರವನ್ನು 1897ರಲ್ಲೇ ಪ್ರಕಟಿಸಿದ್ದರು. ಚಳಿ ಹೆಚ್ಚಿದಷ್ಟೂ ಕೂಗು ವಿಳಂಬಗತಿಗೆ ಇಳಿದು ಕೊನೆಗೆ ನಿಲ್ಲುತ್ತದೆ. ಆದರೆ ಬಚ್ಚಲನ್ನು ಆ ಮಟ್ಟಕ್ಕೆ ತಣಿಸಿದರೆ ಬರುವ ಕರೆಂಟ್ ಬಿಲ್ಲಿನಲ್ಲಿ ಸಕಲೇಶಪುರಕ್ಕೆ ಹೋಗಿ ಬರಬಹುದು. ಒಟ್ಟಿನಲ್ಲಿ ಅದು ಸುಮ್ಮನಾದರೆ ಸಾಕು ಎನ್ನುವವರಿಗೆ ಹವಾಯಿಯ ಕವಾಯ್ ದ್ವೀಪದ ಸಂಗತಿ ಹೇಳಬೇಕು. ಅಲ್ಲಿ ಜೀರುಂಡೆಯ ಹಾಡನ್ನು ಕೇಳಿಸಿಕೊಂಡೇ ಹುಡುಕಿಕೊಂಡು ಬರುವ ನೊಣವೊಂದಿದೆ. ಅದು ಬಿಟ್ಟುಹೋಗುವ ಮರಿಹುಳುಗಳು ಜೀರುಂಡೆಯ ಮೈ ಹೊಕ್ಕು ಒಳಗಿನಿಂದ ತಿನ್ನುತ್ತವೆ. ಹಾಡಿದವು ಸತ್ತವು. ರೆಕ್ಕೆಯ ಹಲ್ಲುಗಳೇ ಅಳಿಸಿಹೋಗಿ ಮೂಕವಾಗಿ ಹುಟ್ಟಿದವು ಉಳಿದವು. ಇಪ್ಪತ್ತು ತಲೆಮಾರು ಕಳೆಯುವುದರೊಳಗೆ ಅಲ್ಲಿನ ಗಂಡುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮೂಕವಾಗಿದ್ದವೆಂದು ಮಾರ್ಲೀನ್ ಜುಕ್ ಮತ್ತು ಸಂಗಡಿಗರು 2006ರಲ್ಲಿ ವರದಿ ಮಾಡಿದರು. ಆ ಮೂಕ ಗಂಡುಗಳು ಈಗಲೂ ರೆಕ್ಕೆಯೆತ್ತಿ ಹಾಡುವ ಚಲನೆಯನ್ನೆಲ್ಲ ಮಾಡುತ್ತವೆ, ಸದ್ದು ಮಾತ್ರ ಬರುವುದಿಲ್ಲ. ನಾವು ರಾತ್ರಿ ಎರಡು ಗಂಟೆಗೆ ಬೇಡುವ ಮೌನಕ್ಕೆ ಪ್ರಕೃತಿ ಕೇಳುವ ದರ ಇದು. ಅಷ್ಟು ತೆರುವ ಕೋಪ ನಮಗೆ ನಿಜವಾಗಿ ಇಲ್ಲ.

ಉಳಿದದ್ದು ವ್ಯವಹಾರದ ಮಾತು. ಬಾಗಿಲ ಕೆಳಗಿನ ಸಂದಿಗೆ ಪಟ್ಟಿ ಹೊಡೆಸಿ, ಸೋರುವ ನಲ್ಲಿ ರಿಪೇರಿ ಮಾಡಿಸಿ, ಹೊರಗಿನ ದೀಪ ಆರಿಸಿದರೆ ಹೆಚ್ಚಿನವು ಒಳಗೆ ಬರುವುದಿಲ್ಲ. ಬಂದದ್ದು ಕಣ್ಣಿಗೆ ಬಿದ್ದರೆ ಲೋಟ ಕವುಚಿ, ಕೆಳಗೆ ದಪ್ಪನೆಯ ಲಗ್ನಪತ್ರಿಕೆ ತೂರಿಸಿ ಹೊರಗೆ ಬಿಡಬಹುದು; ಹೆಣ್ಣು ಹುಡುಕಿ ಹೊರಟವನಿಗೆ ಇದಕ್ಕಿಂತ ಮಂಗಳಕರ ವಾಹನ ಸಿಗದು. ಕಣ್ಣಿಗೇ ಬೀಳದಿದ್ದರೆ, ಗ್ಲಾಸ್ ಮತ್ತು ಸಿಂಗರ್ ಅವರ ಗುಂಡಿಯೇ ಗತಿ. ಅದನ್ನು ಅಮೆರಿಕದಿಂದ ತರಿಸಬೇಕಾಗಿಲ್ಲ. ಪ್ರತಿ ಮನೆಯ ಸ್ವಿಚ್‌ಬೋರ್ಡಿನಲ್ಲೂ ಯಾವುದಕ್ಕೆಂದು ಮನೆ ಕಟ್ಟಿಸಿದವರಿಗೂ ಗೊತ್ತಿಲ್ಲದ ಒಂದು ಸ್ವಿಚ್ ಇದ್ದೇ ಇರುತ್ತದೆ. ಅದನ್ನು ಇಂದಿನಿಂದ ಜೀರುಂಡೆಗೆ ಮೀಸಲಿಡುವುದು. ಸುಳ್ಳೆಂದು ಗೊತ್ತಿರುವ ಸ್ವಿಚ್ಚಿನಿಂದ ಮನಸ್ಸಿಗೆ ಸಮಾಧಾನ ಹೇಗಾದೀತು ಎಂದು ಕೇಳುವವರು, ಆಗಲೇ ದೀಪ ಹತ್ತಿರುವ ಲಿಫ್ಟಿನ ಗುಂಡಿಯನ್ನು ತಾವು ಮತ್ತೆ ಮತ್ತೆ ಒತ್ತುವುದು ಯಾವ ವಿಜ್ಞಾನದ ಮೇಲೆ ಎಂದು ಮೊದಲು ಹೇಳಬೇಕು. ಒಂದೇ ಎಚ್ಚರಿಕೆ: ಆ ಸ್ವಿಚ್ಚನ್ನು ಯಾವ ಕಾರಣಕ್ಕೂ ಒತ್ತಿ ಪರೀಕ್ಷಿಸಬಾರದು. ಪ್ರಯೋಗಶಾಲೆಯಲ್ಲಿ ನೆಮ್ಮದಿ ಸಿಕ್ಕಿದ್ದೂ ಒತ್ತದವರಿಗೇ.