‘ನಾನು ಸೋಮಾರಿ ಅಲ್ಲ ಸ್ವಾಮಿ, ನನಗೆ ಸರದಿ ಸಿಗ್ತಿಲ್ಲ’

ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡೆ ಅಂಗಡಿ ಇಟ್ಟಿರುವ ಅಡಿಕೆ ವ್ಯಾಪಾರಿಯೊಬ್ಬರ ಲೆಕ್ಕವೆಲ್ಲ ನಡೆಯುವುದು ತುಮಕೂರಿನ ಬಿ.ಎಚ್. ರಸ್ತೆಯ ಒಂದು ಎ.ಸಿ. ಕೋಣೆಯಲ್ಲಿ, ಒಂದೇ ಸರ್ವರಿನೊಳಗೆ. ಶಾಖೆಗೊಂದರಂತೆ ಅದರಲ್ಲಿ ಮೂರು ವರ್ಚುವಲ್ ಮಷೀನು. ಬೆಳಿಗ್ಗೆ ಹನ್ನೊಂದಾಯಿತೆಂದರೆ ಗುಬ್ಬಿ ಅಂಗಡಿಯಲ್ಲಿ ಬಿಲ್ ಬರುವುದಿಲ್ಲ. ಮೂಟೆ ತೂಗಿಸಿದ ರೈತರು ಕೌಂಟರಿನ ಮುಂದೆ ನಿಂತೇ ಇರುತ್ತಾರೆ. ಎಲ್ಲರೂ ಬೈಯುವ ಆ ಗುಬ್ಬಿ ಮಷೀನನ್ನೇ ಮಾತಾಡಿಸಿದೆವು. ಉತ್ತರಗಳು ಸ್ವಲ್ಪ ತಡವಾಗಿ ಬಂದವು.

ಮೊದಲಿಗೆ ನಿಮ್ಮ ಪರಿಚಯ?

ಎಂಟು ಸಿಪಿಯು, ಹದಿನಾರು ಜಿಬಿ ಮೆಮೊರಿ. ಕಾಗದದ ಮೇಲೆ. ವಂಶ ದೊಡ್ಡದು. ನಮ್ಮ ಹಿರಿಯರು 1960ರ ದಶಕದಲ್ಲೇ ಐಬಿಎಂನ ಪ್ರಯೋಗಶಾಲೆಯಲ್ಲಿ ಹುಟ್ಟಿದವರು; 1972ರಲ್ಲಿ ವಿಎಂ/370 ಹೆಸರಲ್ಲಿ ಮಾರಾಟಕ್ಕೂ ಬಂದರು. ನಾನು ಕೆವಿಎಂ ಮನೆತನ, 2007ರಲ್ಲಿ ಲಿನಕ್ಸ್ ಕರ್ನಲ್‌ಗೆ ಸೇರಿದ ಪೈಕಿ.

ಇಷ್ಟೆಲ್ಲ ಇದ್ದೂ ಒಂದು ಬಿಲ್ಲಿಗೆ ನಾಲ್ಕು ನಿಮಿಷ ಯಾಕೆ?

ನನ್ನನ್ನು ಕೇಳುವ ಬದಲು ‘ಟಾಪ್’ ಕಮಾಂಡ್ ಹೊಡೆದು ನೋಡಿ. ಸಿಪಿಯು ಸಾಲು ಓದಿ ಸ್ವಾಮಿ, ಗಟ್ಟಿಯಾಗಿ.

(ಓದಿದೆವು: ಯುಎಸ್ 31, ಎಸ್‌ವೈ 6, ಐಡಿ 9, ಡಬ್ಲ್ಯುಎ 8, ಎಸ್‌ಟಿ 46.)

ಕೊನೆಯ ‘ಎಸ್‌ಟಿ’ ಅಂದರೇನು?

ಸ್ಟೀಲ್. ಕಳುವು. ನಾನು ಕೆಲಸಕ್ಕೆ ಸಿದ್ಧನಾಗಿ ನಿಂತಿದ್ದೆ, ಆದರೆ ಹೋಸ್ಟು, ಅಂದರೆ ನಮ್ಮನ್ನೆಲ್ಲ ಹೊತ್ತಿರುವ ಸರ್ವರು, ನಿಜವಾದ ಸಿಪಿಯುವನ್ನು ಬೇರೆಯವರಿಗೆ ಕೊಟ್ಟಿತ್ತು ಅನ್ನುವುದರ ಲೆಕ್ಕ ಅದು. ನೂರರಲ್ಲಿ ನಲವತ್ತಾರು ಪಾಲು ಸಮಯ ನಾನು ಬಾಗಿಲಲ್ಲೇ ನಿಂತಿದ್ದೆ. ನಿಮ್ಮ ತಂತ್ರಜ್ಞರು ಮೊದಲ ಅಂಕಿ ನೋಡಿ ‘ಮೂವತ್ತೊಂದೇ ಇದೆ, ಆರಾಮಾಗಿದೆ’ ಅಂತ ಬರೆದುಕೊಂಡು ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನಲು ಹೋದರು.

ಕದ್ದವರು ಯಾರು?

ಹೆಸರು ಹೇಳಿದರೆ ನೆಂಟಸ್ತಿಕೆ ಕೆಡುತ್ತದೆ. ಕುಣಿಗಲ್ ಮಷೀನು. ಸಿಸಿಟಿವಿ ವಿಡಿಯೊ ಕುಗ್ಗಿಸುವುದು, ಬ್ಯಾಕಪ್ ತೆಗೆಯುವುದು ಎರಡನ್ನೂ ಬೆಳಿಗ್ಗೆ ಹನ್ನೊಂದಕ್ಕೇ ಇಟ್ಟುಕೊಂಡಿದ್ದಾನೆ. ನಿಜವಾಗಿ ಇರುವುದು ಹದಿನಾರು ಕೋರ್. ನಮ್ಮ ಮೂವರಿಗೂ ಸೇರಿಸಿ ಹಂಚಿರುವುದು ನಲವತ್ತು. ಹೇಮಾವತಿ ಕಾಲುವೆ ನೋಡಿಲ್ಲವೇ? ಗೊರೂರಿನಿಂದ ಹೊರಟ ನೀರಿಗೆ ಗುಬ್ಬಿಯವರ ಹತ್ತಿರವೂ ಹಂಚಿಕೆ ಪತ್ರ, ಕುಣಿಗಲ್‌ನವರ ಹತ್ತಿರವೂ ಹಂಚಿಕೆ ಪತ್ರ. ನೀರನ್ನು ನೇರ ಕುಣಿಗಲ್ ಕಡೆಗೆ ಒಯ್ಯುವ ಲಿಂಕ್ ಕೆನಾಲ್ ಬೇಕೆಂದು ಕುಣಿಗಲ್‌ನವರು, ಬೇಡವೆಂದು ಗುಬ್ಬಿಯವರು. 2025ರಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಎಂಥ ಪ್ರತಿಭಟನೆ ನಡೆಯಿತು ಗೊತ್ತಲ್ಲ. ಅಲ್ಲಿ ಕುಣಿಗಲ್ ಕಾಲುವೆಯ ಕೊನೆಯಲ್ಲಿದೆ. ಈ ಪೆಟ್ಟಿಗೆಯೊಳಗೆ ಮಾತ್ರ ತೂಬಿನ ಬಾಯಲ್ಲಿ ಅವನೇ ಕೂತಿದ್ದಾನೆ.

ಸಿಪಿಯು ಸಾಲದು ಎಂದು ನಿಮಗೆ ನಾಲ್ಕರ ಜಾಗದಲ್ಲಿ ಎಂಟು ಕೊಟ್ಟರಂತಲ್ಲ?

ಕೊಟ್ಟರು. ಬೆಂಗಳೂರಿನಿಂದ ಒಬ್ಬ ಸಲಹೆಗಾರರು ಬಂದಿದ್ದರು. ಅವತ್ತಿನಿಂದ ಇನ್ನೂ ಕೆಟ್ಟಿತು. ನನ್ನೊಳಗೆ ಎಂಟು ಜನ ಕೆಲಸಕ್ಕೆ ಇಳಿಯುತ್ತಾರೆ. ಒಬ್ಬ ಡೇಟಾಬೇಸಿನ ಲಾಕ್ ಹಿಡಿದಿರುತ್ತಾನೆ. ಹೋಸ್ಟು ಸರಿಯಾಗಿ ಅವನನ್ನೇ ಎಬ್ಬಿಸಿ ಹೊರಗೆ ಕಳಿಸುತ್ತದೆ. ಉಳಿದ ಏಳು ಜನ ಲಾಕ್ ಬಿಡಲಿ ಎಂದು ಕಾಯುತ್ತಾರೆ. ಇಲ್ಲದ ಕೋರನ್ನು ಹಂಚಿದರೆ ಕಾಯುವವರ ಸಂಖ್ಯೆ ಹೆಚ್ಚುತ್ತದೆ, ಅಷ್ಟೆ. ಸಲಹೆಗಾರರ ಬಿಲ್ ಮಾತ್ರ ತಡವಿಲ್ಲದೆ ಬಂತು.

ಮೆಮೊರಿಯಾದರೂ ಪೂರ್ತಿ ಇದೆಯೇ?

ಹದಿನಾರು ಅಂದರು. ‘ಫ್ರೀ’ ಕಮಾಂಡ್ ಕೇಳಿದರೆ ಒಟ್ಟು ಒಂಬತ್ತು ಅನ್ನುತ್ತದೆ. ನನ್ನೊಳಗೇ ಬಲೂನ್ ಡ್ರೈವರ್ ಅಂತ ಒಬ್ಬನನ್ನು ಕೂರಿಸಿದ್ದಾರೆ. ಹೋಸ್ಟಿಗೆ ಮೆಮೊರಿ ಬೇಕಾದಾಗ ಅವನು ಒಳಗಿಂದ ಉಬ್ಬುತ್ತಾನೆ, ಅವನು ಹಿಡಿದಷ್ಟನ್ನು ಹೋಸ್ಟು ಹೊರಗೆ ಬಳಿದುಕೊಳ್ಳುತ್ತದೆ. ನಾನು ಉಳಿದ ಡೇಟಾವನ್ನು ಡಿಸ್ಕಿನ ಸ್ವಾಪ್‌ಗೆ ತಳ್ಳಬೇಕು. ಆಗ ಡಬ್ಲ್ಯುಎ, ಅಂದರೆ ಡಿಸ್ಕಿಗಾಗಿ ಕಾಯುವ ಸಮಯ, ಏರುತ್ತದೆ. ‘ಡಿಸ್ಕ್ ಹಾಳಾಗಿದೆ, ಹೊಸದು ತನ್ನಿ’ ಅನ್ನುತ್ತಾರೆ.

ಡಿಸ್ಕಿನದು ಏನೂ ತಪ್ಪಿಲ್ಲವೇ?

ಅಷ್ಟು ಒಳ್ಳೆಯವನೂ ಅಲ್ಲ. ಪಿತೃಪಕ್ಷದಲ್ಲಿ ಸಾಫ್ಟ್‌ವೇರ್ ಬದಲಿಸುವ ಮುಂಚೆ ಯಾರೋ ಸ್ನ್ಯಾಪ್‌ಶಾಟ್ ತೆಗೆದರು. ಯುಗಾದಿ ಕಳೆದರೂ ಅಳಿಸಿಲ್ಲ. ಅವತ್ತಿನಿಂದ ಬರೆದದ್ದೆಲ್ಲ ಪಕ್ಕದ ಇನ್ನೊಂದು ಫೈಲಿನಲ್ಲಿ ಬೆಳೆಯುತ್ತಾ ಇದೆ. ಒಂದು ಖಾತೆ ಓದಬೇಕಾದರೆ ಮೊದಲು ಹೊಸ ಫೈಲ್, ಅಲ್ಲಿ ಸಿಗದಿದ್ದರೆ ಹಳೆಯದು. ಇದ್ಯಾವುದೂ ನನ್ನೊಳಗಿಂದ ಕಾಣುವುದಿಲ್ಲ. ನನಗೆ ಕಾಣುವುದು ಒಂದೇ ಡಿಸ್ಕು, ಯಾಕೋ ನಿಧಾನ.

ಹಾಗಾದರೆ ನಿಮ್ಮನ್ನು ಪರೀಕ್ಷಿಸಿ ಪ್ರಯೋಜನವೇ ಇಲ್ಲ ಅನ್ನಿ.

ಪರೀಕ್ಷಿಸಿ, ಆದರೆ ನನ್ನೊಬ್ಬನನ್ನೇ ಅಲ್ಲ. ‘ವಿಎಂಸ್ಟ್ಯಾಟ್ 1’ ಕೊಟ್ಟು ಹನ್ನೊಂದು ಗಂಟೆಗೇ ಕೂತು ನೋಡಿ. ಸಂಜೆ ಆರಕ್ಕೆ ಬಂದು ‘ಎಲ್ಲ ಸರಿ ಇದೆಯಲ್ಲ’ ಅನ್ನಬೇಡಿ. ಅದೇ ನಿಮಿಷದ ಹೋಸ್ಟಿನ ಅಂಕಿಗಳನ್ನು ಪಕ್ಕದಲ್ಲಿಟ್ಟು ಹೋಲಿಸಿ. ಇನ್ನೊಂದು ಮಾತು: ವಿಎಂವೇರ್ ಮನೆತನದವರಲ್ಲಿ ಸಾಮಾನ್ಯವಾಗಿ ಎಸ್‌ಟಿ ಸೊನ್ನೆಯೇ ಇರುತ್ತದೆ. ಅಲ್ಲಿ ಕಳ್ಳತನ ಇಲ್ಲ ಅಂತ ಅಲ್ಲ, ದೂರು ಬರೆದುಕೊಳ್ಳುವ ಪುಸ್ತಕ ಹೋಸ್ಟಿನ ಕಡೆ ಇರುತ್ತದೆ. ‘ಸಿಪಿಯು ರೆಡಿ’ ಅಂತ ಅಲ್ಲಿ ಹುಡುಕಬೇಕು.

ಆಯುಧ ಪೂಜೆ ಮಾಡಿಸಿದರಂತೆ?

ಗುಬ್ಬಿ ಅಂಗಡಿಯ ಮಾನಿಟರಿಗೆ ಅರಿಶಿನ ಕುಂಕುಮ ಇಟ್ಟರು. ನಾನಿರುವುದು ತುಮಕೂರಿನಲ್ಲಿ.

ನಿಮ್ಮ ಬೇಡಿಕೆ ಏನು?

ನನಗೆ ನಾಲ್ಕೇ ಸಿಪಿಯು ಸಾಕು, ನಾಲ್ಕೂ ನಿಜವಾಗಿ ಸಿಗಲಿ. ಕುಣಿಗಲ್‌ನವನ ಬ್ಯಾಕಪ್ ರಾತ್ರಿ ಎರಡಕ್ಕೆ ಹೋಗಲಿ. ಸ್ನ್ಯಾಪ್‌ಶಾಟ್ ಅಳಿಸಿ. ಒಂದು ರೂಪಾಯಿ ಖರ್ಚಿಲ್ಲ.

ಖರ್ಚಿಲ್ಲ ಎಂಬ ಕಾರಣಕ್ಕೇ ಇರಬೇಕು, ಕಡತ ಮುಂದಕ್ಕೆ ಹೋಗಲಿಲ್ಲ. ಸಂದರ್ಶನ ಮುಗಿಸಿ ಹೊರಬರುವಾಗ ಮಾಲೀಕರ ಸಹಿ ಬಿದ್ದ ಆದೇಶ ಕಣ್ಣಿಗೆ ಬಿತ್ತು: ಗುಬ್ಬಿ ಶಾಖೆ ಯಾಕೆ ನಿಧಾನ ಎಂದು ನಿಗಾ ಇಡಲು ಅದೇ ಸರ್ವರಿನಲ್ಲಿ ನಾಲ್ಕನೆಯ ವರ್ಚುವಲ್ ಮಷೀನು ಮಂಜೂರಾಗಿದೆ. ಎಂಟು ಸಿಪಿಯು.